ಅಥವಾ

ಮಲ್ಪೆ ಬಂದರಿನ ಮೆಡಿಕಲ್ಲು.
ಚೀಟಿಯಲ್ಲಿ ಡಾಕ್ಟರು ಎರಡು ಹೆಸರು ಬರೆದು
ನಡುವೆ 'ಅಥವಾ' ಹಾಕಿದ್ದಾರೆ.
ಗಾಜಿನ ಮೇಲೆ ಎರಡೂ ಟ್ಯೂಬು ಇಟ್ಟೆ:
ಮ್ಯುಪಿರೋಸಿನ್, ಫ್ಯೂಸಿಡಿಕ್.
ವಾರಿಜಕ್ಕ ಒಂದೊಂದನ್ನೇ ಅದುಮಿ ನೋಡಿದರು
ಬಂಗುಡೆಯ ಬೆನ್ನು ಅದುಮುವ ಹಾಗೆ.

ಸಿಗಡಿ ಮುಳ್ಳು ಹೊಕ್ಕ ತೋರುಬೆರಳು.
ಉಗುರ ಬದಿಗೆ ಕೀವು, ಸುತ್ತ
ಜೇನಿನ ಬಣ್ಣದ ಹಕ್ಕಳೆ.
"ಇದರಲ್ಲಿ ಒಳ್ಳೇದು ಯಾವುದು ಮಾರಾಯ?"

ಎರಡೂ ಒಳ್ಳೇದೇ ಅಕ್ಕ.
ಎರಡೂ ಕೊಲ್ಲುವುದು ಅದೇ ಕ್ರಿಮಿಯನ್ನು.
ಅದು ಸ್ವಲ್ಪ ಅಗ್ಗ, ಅಷ್ಟೆ.
ತೊಳೆದು, ಒರಸಿ, ತೆಳ್ಳಗೆ ಹಚ್ಚಬೇಕು,
ದಿನಕ್ಕೆ ಮೂರು ಸಲ. ವಾಸಿಯಾಯಿತೆಂದು
ನಡುವೆ ಬಿಡಬಾರದು.
ಕೈ ಮಾತ್ರ ಒಣಗಿರಬೇಕು.

"ಒಣಗಿದ ಕೈಯಾ?"
ವಾರಿಜಕ್ಕ ನಕ್ಕರು. ಹಿಂದೆ ನಿಂತ ಗುಲಾಬಿಯೂ ನಕ್ಕಳು.
ಬೆಳಗಿನ ನಾಲ್ಕಕ್ಕೆ ಬೋಟು, ಆಮೇಲೆ ಐಸು,
ಸುಲಿದ ಕಿಲೋಗೆ ಇಷ್ಟು ಎಂದು ಕೂಲಿ.
ಕ್ರಿಮಿಗೇನು, ಅದಕ್ಕೂ ಅಲ್ಲೇ ಕೆಲಸ.

ಅಗ್ಗದ್ದನ್ನೇ ತೆಗೆದುಕೊಂಡರು.
ಉಳಿದ ಚಿಲ್ಲರೆಗೆ ರಬ್ಬರಿನ ಗ್ಲೌಸು,
ಬಲಗೈಯದ್ದು ಮಾತ್ರ, ಅರ್ಧ ರೇಟಿಗೆ.
ಜೋಡಿ ಒಡೆದು ಕೊಟ್ಟೆ.
ಒದ್ದೆ ನೋಟನ್ನು ಫ್ಯಾನಿನಡಿ ಹರಡಿದೆ.

ಎಡಗೈಯದ್ದು ಡ್ರಾವರಿನಲ್ಲಿದೆ ಇನ್ನೂ,
ಐದೂ ಬೆರಳು ಚಾಚಿಕೊಂಡು,
ಒಣಗಿ.