ಆರನೆಯ ಕಾಲಂ

ಪೋರ್ಟ್ ಆಲ್ವಿನ್ ನಗರಸಭೆಯ ನೆಲಮಾಳಿಗೆಯಲ್ಲಿ
ನನ್ನ ಮೇಜು. ಕಿಟಕಿಯಲ್ಲಿ ಕಾಣುವುದು
ಹೋಗಿಬರುವವರ ಮೊಣಕಾಲು, ಹಿಮ ಮೆತ್ತಿದ ಬೂಟು.
ಈ ಊರನ್ನು ನಾನು ಕೆಳಗಿನಿಂದಲೇ ಬಲ್ಲೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಸುಲಭ.
ಇನ್ನೂ ಹುಟ್ಟದವರ ಕಾಲಿನ ಅಳತೆ ಹಿಡಿದು
ಹಾಸಿಗೆ ಹೊಲಿಯುವುದು ನನ್ನ ಕೆಲಸ.
ಬಟ್ಟೆ ಸಾಲದ್ದು,
ಎರಡೂ ಅರ್ಥದಲ್ಲಿ.

ಆರು ವರ್ಷ, ಆರು ಕಾಲಂ.
ಮೊದಲನೆಯದರಲ್ಲಿ ಈಗಾಗಲೇ ಸೋರುತ್ತಿರುವುದು:
ಅಗ್ನಿಶಾಮಕ ಠಾಣೆಯ ಸೂರು, ಮೂರನೇ ಪಂಪಿನ ಕೆಮ್ಮು.
ಆಮೇಲೆ ಸೇತುವೆ, ರಾಜ್ಯದ ಅನುದಾನ ಬಂದರೆ.
'ಬಂದರೆ' ಅನ್ನುವ ಪದಕ್ಕೂ ಒಂದು ಅಡಿಟಿಪ್ಪಣಿ.
ನಾಲ್ಕರಲ್ಲಿ ಗ್ರಂಥಾಲಯದ ಲಿಫ್ಟ್.
ಆರನೆಯದಕ್ಕೆ ಹೋದದ್ದು
ಸತ್ತಿಲ್ಲ, ಬದುಕಿಯೂ ಇಲ್ಲ.

ಕಾಮಗಾರಿ ನಲವತ್ತೊಂದು: ಟ್ಯಾಮರಾಕ್ ಬೀದಿಯ ನೀರಿನ ಕೊಳವೆ,
ಎರಕದ ಕಬ್ಬಿಣ, ಆರು ಅಂಗುಲ, ಹೂತದ್ದು ೧೯೦೯.
ಹದಿನಾಲ್ಕು ವರ್ಷದಿಂದ ಆರನೆಯ ಕಾಲಮ್ಮಿನಲ್ಲಿ.
ಪ್ರತಿ ಜನವರಿ ತಲೆಬರಹದ ಇಸವಿ ಬದಲಾಗುತ್ತದೆ,
ಕೊಳವೆ ಇದ್ದಲ್ಲೇ ಇರುತ್ತದೆ.
ಕದದ ಮೇಲೆ 'ನಾಳೆ ಬಾ' ಎಂದು ಬರೆದು
ದೆವ್ವವನ್ನು ದಿನಾ ವಾಪಸು ಕಳಿಸಿದ ಹಾಗೆ
ನಾವು ತುಕ್ಕನ್ನು ಕಳಿಸುತ್ತೇವೆ.
ತುಕ್ಕಿಗೆ ಓದು ಬರುವುದಿಲ್ಲ.

ಫೆಬ್ರವರಿ. ಸಾರ್ವಜನಿಕ ಅಹವಾಲು.
ಕುರ್ಚಿ ಅರವತ್ತು, ಜನ ಒಂಬತ್ತು,
ಅದರಲ್ಲಿ ಇಬ್ಬರು ಬೆಚ್ಚಗಿರಲು ಬಂದವರು.
ತಲೆಗೆ ಮೂರು ನಿಮಿಷ.
ಹಾಕಿ ಅಂಗಳದ ಮಂಜು ಸವರುವ ಯಂತ್ರಕ್ಕಾಗಿ
ಒಬ್ಬ ಅತ್ತ, ನಿಜವಾಗಿ ಅತ್ತ.
ತೆರಿಗೆ ಏರಿಸಿದರೆ ಸರೋವರದಾಚೆ ಹೋಗಿಬಿಡುತ್ತೇನೆ ಅಂದ
ಡೆಲ್ಬರ್ಟ್ ಕ್ರೌಸ್. ಹೋದ ವರ್ಷವೂ ಅಂದಿದ್ದ.

ಕೊನೆಗೆ ಲೆಂಪಿ ಹಾರ್ಯು, ಎಂಬತ್ತಮೂರು.
ಕೈಚೀಲದಿಂದ ಲಕೋಟೆ, ಲಕೋಟೆಯಿಂದ
ಅಂಚೆಚೀಟಿಗಿಂತ ತುಸು ದೊಡ್ಡ ಹಸಿರು ಕಾಗದ.

"ನನ್ನ ಅಜ್ಜ ಅದಿರು ತುಂಬುವ ಹಡಗುಕಟ್ಟೆಯ ಕೂಲಿ.
ಆ ಕೊಳವೆಗೆ ನೀವು ಸಾಲ ಎತ್ತಿದಾಗ
ನೂರು ಡಾಲರಿನ ಬಾಂಡೊಂದನ್ನು ಕೊಂಡ.
ಆರು ತಿಂಗಳಿಗೊಮ್ಮೆ ಅಜ್ಜಿ ಕತ್ತರಿ ಹಿಡಿದು
ಒಂದು ಕೂಪನ್ ಕತ್ತರಿಸುತ್ತಿದ್ದಳಂತೆ. ಎರಡು ಡಾಲರ್.
ಅವತ್ತು ಮನೆಯಲ್ಲಿ ಎಲ್ಲರ ಕಾಫಿಗೂ ಕೆನೆ.
ಇದು ಕೊನೆಯ ಕೂಪನ್. ಕತ್ತರಿಸಿದ್ದಾಳೆ,
ಕೊಡಲು ಮರೆತಿದ್ದಾಳೆ."

ಮೇಜಿನ ದೀಪ ಹಳದಿಗೆ ತಿರುಗಿತು.

"ದುಡ್ಡು ಬೇಡ.
ಅಜ್ಜ ಕಂಡಿರದ ನನ್ನ ಬಾಯಿಗೆ
ಆ ನೀರು ಎಂಬತ್ತಮೂರು ವರ್ಷ ಬಂತು.
ಈಗ ಚಹಾದ ಬಣ್ಣದಲ್ಲಿ ಬರುತ್ತದೆ, ಇರಲಿ.
ನಾನು ಯಾರಿಗೆ ಅಜ್ಜ ಆಗಬೇಕು ಹೇಳಿ,
ಬಾಂಡ್ ಯಾವ ಕಿಟಕಿಯಲ್ಲಿ ಕೊಡುತ್ತೀರಿ?"

ದೀಪ ಕೆಂಪಾಯಿತು. ಧನ್ಯವಾದ, ಅಂದರು ಅಧ್ಯಕ್ಷರು.
ಕಾರ್ಯದರ್ಶಿ ಬರೆದುಕೊಂಡಳು: ನಾಗರಿಕರೊಬ್ಬರು, ನೀರಿನ ಬಗ್ಗೆ.

ರಾತ್ರಿ ಹತ್ತರವರೆಗೆ ಕೂತೆ.
ಬಡ್ಡಿ ದರ, ಸಾಲದ ಮಿತಿ, ಮೀಸಲು ನಿಧಿಯ ತಳ.
ಒಳಚರಂಡಿಗೆ ಹೇಗೂ ಅದೇ ಬೀದಿ ಅಗೆಯುತ್ತಾರೆ,
ಅದೇ ಗುಂಡಿಯಲ್ಲಿ ಕೊಳವೆಯನ್ನೂ ಇಟ್ಟರೆ
ಉಳಿಯುವುದು ಇಷ್ಟು. ಸಾಲದು.
ಒಂದನ್ನು ಎಡಕ್ಕೆ ಎಳೆದರೆ
ಇನ್ನೊಂದು ಬಲಕ್ಕೆ ಸರಿಯಲೇಬೇಕು,
ಬೆಂಚಿನಲ್ಲಿ ಮಕ್ಕಳು ಒತ್ತರಿಸಿದ ಹಾಗೆ.

ಎಳೆದೆ.
ನಲವತ್ತೊಂದು ನಾಲ್ಕಕ್ಕೆ ಬಂತು.
ಆರಕ್ಕೆ ಹೋದದ್ದು ಲಿಫ್ಟ್.

ಗ್ರಂಥಾಲಯದ ಮೆಟ್ಟಿಲ ಬುಡದಲ್ಲಿ ಕಾಯುವ
ಆ ಹುಡುಗ, ಥೇಡಿಯಸ್, ಅವನನ್ನೂ ನಾನು ಬಲ್ಲೆ.
ಮಹಡಿಯ ಪುಸ್ತಕಗಳನ್ನು ಯಾರೋ ತಂದುಕೊಡುತ್ತಾರೆ,
ತಂದದ್ದನ್ನು ಅವನು ಓದುತ್ತಾನೆ.
ಆರಿಸಿದ್ದನ್ನಲ್ಲ.

ಹಸಿರು ಕೂಪನ್ ನನ್ನ ಮೇಜಿನ ಮೇಲೇ ಇದೆ.
ಅದನ್ನು ಜಮಾ ಮಾಡಲು ಖಾತೆಯಿಲ್ಲ,
ಎಸೆಯಲು ನಿಯಮವಿಲ್ಲ.

ಬೆಳಿಗ್ಗೆ ಕಿಟಕಿಯಲ್ಲಿ, ಬೂಟುಗಳ ನಡುವೆ,
ಎರಡು ಚಕ್ರ ಬಂದವು,
ಹಿಮದಲ್ಲಿ ಒಂದು ಗಳಿಗೆ ಸಿಕ್ಕಿಕೊಂಡು
ಹೋದವು.