ಆರನೇ ಸೊನ್ನಿ

ಮುಳಗುಂದ ನಾಕಾದ ಹಿಂದಿನ ಓಣ್ಯಾಗ
ನಾಗೂಸಾ ಬಾಕಳೆಯವರ ಪ್ರೆಸ್ಸು.
ಇಪ್ಪತ್ತಾರು ವರ್ಷ ಆತು, ಅಲ್ಲೇ ಕರಡು ತಿದ್ದತೀನಿ.
ಲಗ್ನಪತ್ರಿಕಿ, ರಸೀದಿ ಬುಕ್ಕು, ಪುಣ್ಯತಿಥಿ ಕಾರ್ಡು.
ಸತ್ತವರ ಹೆಸರಿನ ಹಿಂದ
‘ಲಿಂ.’ ಇರೋ ಕಡೆ ‘ಕೈ.’ ಬಿದ್ರ
ಇಡೀ ಮನಿತನ ಬಾಗಿಲಿಗೆ ಬರತೈತಿ ಜಗಳಕ್ಕ.

ಆ ರಾತ್ರಿ ಎರಡೂ ಪಕ್ಷದ ಹ್ಯಾಂಡ್‌ಬಿಲ್ಲು
ಒಂದ ಮಷೀನಿಗೆ ಬಂದಿದ್ದವು.

ಗುಲಾಬಿ ಹಾಳಿ ಅಂತಿತ್ತು:
ಡೀಸೆಲ್ಲಿನ ಪ್ರತಿ ಲೀಟರಿನ್ಯಾಗ ಅರ್ಧ ರೊಕ್ಕ
ಹಿಂದಿನವರು ಮಾಡಿಟ್ಟ ಸಾಲಕ್ಕ ಹೊಕ್ಕತಿ.
ಹಳದಿ ಹಾಳಿ ಅಂತಿತ್ತು:
ಇವತ್ತು ಹುಟ್ಟಿದ ಕೂಸಿನ ನೆತ್ತಿಮ್ಯಾಲ
ಈಗಿನವರು ಹೊರಿಸಿದ ಸಾಲ
ನಾಕರ ಮುಂದ ಆರು ಸೊನ್ನಿ.

ಸೊನ್ನಿ ಎಣಿಸಿದೆ. ರೂಢಿ.
ಕೈಬರಹದಾಗ ಐದ ಇದ್ದವು.

ತಂದ ಹುಡುಗ, ಗುರುಬಸು, ಮೊಬೈಲಿನಿಂದ ತಲಿ ಎತ್ತದ ಅಂದ:
‘ಅಕ್ಕೋರ, ಹೊಸಾದು ಈಗ ಬಂತು, ಆರು.
ಮಂದಿ ಸೊನ್ನಿ ಎಣಸಂಗಿಲ್ಲ,
ಉದ್ದ ನೋಡತಾರ.’
ಗುಲಾಬಿಯವನನ್ನ ಕೇಳಿದೆ, ಈ ಅರ್ಧ ಎಲ್ಲಿಂದ ತಂದಿ?
‘ಅದು ಲೆಕ್ಕಲ್ಲರೀ, ಮಾತು.
ಅರ್ಧ ಜೀವ ಹೋತು ಅನ್ನಂಗಿಲ್ಲೇನು, ಹಂಗ.’

ಬಾಕಳೆಯವರು ಚಷ್ಮಾದ ಮ್ಯಾಲಿಂದ ನೋಡಿದ್ರು:
‘ನೀ ಕಾಗುಣಿತ ತಿದ್ದವಾ,
ಸರಕಾರ ತಿದ್ದಬ್ಯಾಡ.’

ತಿದ್ದಿದೆ.
ಸಬ್ಸಿಡಿಯ ಬ-ಕ್ಕ ಸ ಒತ್ತು ಕೊಟ್ಟೆ.
ಋಣದ ಣ ನ ಆಗಿತ್ತು, ಮತ್ತ ಣ ಮಾಡಿದೆ.
ಸೊನ್ನಿ ಬಿಟ್ಟೆ.

ಹತ್ತಕ್ಕ ಕರೆಂಟ್ ಹೋತು.
ದಾವಲಸಾಬ ಜನರೇಟರ್ ಹಚ್ಚಿದ.
ಏಳು ಲೀಟರ್ ಡೀಸೆಲ್ ಕುಡಕೋತ
ಡೀಸೆಲ್ಲಿನ ಜಗಳ ಬೆಳತನಕ ಅಚ್ಚಾತು.
ಗುಲಾಬಿ ಮುಗೀತು, ರೋಲರ್ ಒರಸಿದ್ವಿ, ಹಳದಿ ಏರಿಸಿದ್ವಿ.
ಒರಸಲಿಕ್ಕೆ ಚಿಮಣಿ ಎಣ್ಣಿ.
ಒಂದ ಕಾಲಕ್ಕ ಅದು ರೇಷನ್ನಿನ ನೀಲಿ ಎಣ್ಣಿ,
ಬಡವರ ಹೆಸರಿಲೆ ಊರಿಗೆ ಬಂದು
ರಾತ್ರಿ ನಮ್ಮ ಹಿಂಬಾಗಲದಾಗ ಇಳೀತಿತ್ತು.
ಆ ಡಬ್ಬಿ ಇನ್ನೂ ಐತಿ, ತಳಕ್ಕ ನೀಲಿ ಕಲಿ.
ಎರಡೂ ಹಾಳಿಯೊಳಗ ಡಬ್ಬಿ ಸುದ್ದಿ ಇರಲಿಲ್ಲ.
ನಾನೂ ಯಾರ ಮುಂದ ಆಡಿಲ್ಲ.

ಮೂರನೇ ದಿನ ಟಾಂಗಾಕೂಟದಾಗ ಭಜಿ ತಿನ್ನಾಕ ನಿಂತಿದ್ದೆ.
ಟಂಟಂ ಹೊಡಿಯೋ ಯಮನೂರಪ್ಪನ ಕೈಯಾಗ ಹಳದಿ,
ಕಮ್ಮಾರ ಮಾನಪ್ಪನ ಕೈಯಾಗ ಗುಲಾಬಿ,
ಇಬ್ಬರ ಕುತ್ತಿಗಿ ನರಾನೂ ಉಬ್ಬಿದ್ದವು.
ನನ್ನ ಕಂಡು ಯಮನೂರಪ್ಪ ದನಿ ಏರಿಸಿದ:
‘ಬಾಕಳೆ ಪ್ರೆಸ್ಸಿನ ಹಾಳಿ ಇದು!
ನಮ್ಮ ಅಕ್ಕೋರು ತಿದ್ದಿದ್ದು,
ತಪ್ಪು ಹೆಂಗಿದ್ದೀತು?’

ಮಾನಪ್ಪನೂ ತನ್ನ ಹಾಳಿ ತಿರುವಿ ನೋಡಿದ.
ಅದರ ತಳಕ್ಕೂ ನಮ್ಮ ಪ್ರೆಸ್ಸಿನ ಹೆಸರು.

ಭಜಿ ಕರಿಯೋ ಶಂಕ್ರವ್ವ ಝಾರಿ ನಿಂದರಿಸಿ ಕೇಳಿದಳು:
‘ಸರಕಾರಕ್ಕ ಸಾಲ ಕೊಡೋರರ ಯಾರವಾ?’
ಬ್ಯಾಂಕು, ಅಂದೆ, ವಿಮಾ, ಹೊರದೇಶ...
ಪೋಸ್ಟಿನ್ಯಾಗ ನೀ ಇಟ್ಟದ್ದೂ ಅದರಾಗ ಬಂತು.
‘ಅಂದ್ರ ನಾನ?’
ಒಂಚೂರು.
‘ತೀರಸೋರು?’
ನಾ ಸುಮ್ಮನಾದೆ.
‘ಹಂಗಾದ್ರ ನನಗ ನಾನ ಉದ್ರಿ ಕೊಟ್ಟಂಗಾತು,’
ಅಂತ ನಕ್ಕು, ಕೆಮ್ಮಿ,
ಒಲಿ ಸಣ್ಣ ಮಾಡಿದಳು. ಗ್ಯಾಸು ಈಗ ಎಷ್ಟೈತಿ
ಅಂತ ಯಾವ ಹಾಳಿನೂ ಆಕಿಗೆ ಓದಿ ಹೇಳಬೇಕಿಲ್ಲ.

ನಾಕ ಮಿರ್ಚಿ ಕಟ್ಟಿಕೊಟ್ಟಳು, ಹಳದಿ ಹಾಳ್ಯಾಗ.

ಮನಿಗೆ ಬಂದು ಬಿಚ್ಚಿದೆ.
ಎಣ್ಣಿ ಕುಡದು ಹಾಳಿ ಕನ್ನಡಿಯಂಗ ಆಗಿತ್ತು,
ಆರನೇ ಸೊನ್ನಿಯ ನಡುವ
ಕೆಳಗ ಹಿಡಿದ ನನ್ನ ಹೆಬ್ಬೆಟ್ಟು ಕಾಣತಿತ್ತು.
ಚೀಲದಾಗಿನ ಕೆಂಪು ಪೆನ್ನು ತಗದೆ,
ಅಡ್ಡಗೀಟು ಎಳದೆ, ಮತ್ತೊಮ್ಮೆ ಎಳದೆ.

ಎಣ್ಣಿ ಹಾಳಿಗೆ
ಮಸಿ ಹತ್ತಲಿಲ್ಲ.