ನಾನೂರ ಹದಿನೆಂಟನೆಯ ಸಾಲು

ಫೆಬ್ರವರಿಯಲ್ಲಿ ನಮ್ಮ ಕಡಲಿಗೆ ಬೆನ್ನು ಮೂಡುತ್ತದೆ.
ಹೀಯುಮಾ ದ್ವೀಪದಿಂದ ಆಚೆ ದಡಕ್ಕೆ
ನೀರ ಮೇಲೇ ಕಾರು ಓಡಿಸುತ್ತೇವೆ,
ಬೆಲ್ಟ್ ಕಟ್ಟದೆ. ಬಿರಿದರೆ ಹಾರಬೇಕಲ್ಲ.

ದಾಟಿದವರು ಕಂಡಷ್ಟು ಬರೆದಿಡಲೆಂದು
ನಾನೊಂದು ಆ್ಯಪ್ ಮಾಡಿಕೊಟ್ಟೆ:
ಎಲ್ಲಿ, ಯಾವಾಗ, ಎಷ್ಟು ದಪ್ಪ.
ಮೀನಿನ ಹೆಲ್ಡೂರ್ ಬರೆದ: ಮೂವತ್ತೊಂದು, ಗಟ್ಟಿ.
ಅಂಚೆಯ ಸಲ್ಮೆ ಬರೆದಳು: ಎರಡನೇ ಕಂಬದ ಎಡಕ್ಕೆ
ಹದಿನಾಲ್ಕೇ. ಕೆಳಗೆ ನೀರು ಮಾತಾಡುತ್ತಿದೆ.

ಪರರ ಸಾಲಿನ ಪಕ್ಕ ‘ಅಳಿಸು’ ಗುಂಡಿ
ಕಾಣದಂತೆ ಮಾಡಿ, ಸಾಕೆಂದು ಮಲಗಿದ್ದೆ,
ಬಾಗಿಲಿಗೆ ಸುಣ್ಣ ಬಳಿದು
ಗೋಡೆಯೆಂದುಕೊಂಡ ಹಾಗೆ.

ಹೋಟೆಲಿನ ಕಾಲ್ಯುಗೆ ಶನಿವಾರ ಅತಿಥಿಗಳು ಬರಬೇಕಿತ್ತು.
ತನ್ನ ಸಾಲಿನ ಸಂಖ್ಯೆ, ನಾನೂರ ಹದಿನೇಳು,
ವಿಳಾಸದಲ್ಲಿ ಅದನ್ನೇ ಹದಿನೆಂಟು ಮಾಡಿ ಒತ್ತಿದ.
ಸರ್ವರ್ ಏನೂ ಕೇಳಲಿಲ್ಲ ಅನ್ನುವ ಹಾಗಿಲ್ಲ:
ಒಳಗಿನವನೋ? ಹೌದು.
ಬರೆದವನೋ?
ಅದನ್ನು ಕೇಳಲು ನಾನು ಕಲಿಸಿರಲಿಲ್ಲ.

ಸಲ್ಮೆಯ ಹದಿನಾಲ್ಕು ಹೋಯಿತು. ನೀರಿನ ಮಾತೂ.
ಒಂದು ವ್ಯಾನಿನ ಮುಂದಿನ ಗಾಲಿಗಳು ಇಳಿದವು.
ಯಾರೂ ಸಾಯಲಿಲ್ಲ.
ಒಂದು ನಾಯಿ ಮೂರು ದಿನ ನಡುಗಿತು.

“ತಪ್ಪು ಬರೆದಿದ್ದಳು, ತೆಗೆದೆ” ಅಂದ ಕಾಲ್ಯು,
ಪಕ್ಕದೆಲೆಯ ನೊಣ ಹೆಕ್ಕುವವನ ಗತ್ತಿನಲ್ಲಿ.
ತಪ್ಪಾದರೆ ಕೆಳಗೆ ನಿನ್ನದನ್ನು ಬರೆ ಮಾರಾಯ,
ಅವಳ ಮಾತನ್ನು ಅವಳೇ ನುಂಗಲಿ ಬಿಡು.

ಆ ರಾತ್ರಿ ಸೇರಿಸಿದ್ದು ಒಂದೇ ಸಾಲು:
ಕೇಳುವವರೇ ಬರೆದವರಲ್ಲದಿದ್ದರೆ
ಹೊಸ್ತಿಲಿಂದಲೇ ವಾಪಸ್.
ಪರೀಕ್ಷಿಸಿದೆ. ನನ್ನನ್ನೂ ವಾಪಸ್ ಕಳಿಸಿತು. ಖುಷಿಯಾಯಿತು.

ಆದರೆ ಹಿತ್ತಿಲ ಕೀಲಿ ನನ್ನ ಬಳಿಯೇ ಇದೆ.

ತೊಂಬತ್ತೆರಡನೆಯ ಸಾಲು, ಎರಡು ಚಳಿಗಾಲದ ಹಿಂದಿನದು,
ಇಂದ್ರೆಕ್ ಬರೆದದ್ದು:
ಇಪ್ಪತ್ತೆಂಟು. ಲೇಲೊ ಜೊತೆ ನಡೆದು ದಾಟಿದೆ.
ಈಗ ಅವನು ತಾರ್ತುವಿನಲ್ಲಿದ್ದಾನಂತೆ,
ಪಾಸ್‌ವರ್ಡೂ ಮರೆತಿರಬೇಕು.
ಕಾಣುವವರು ಯಾರು? ಒಂದು ಆಜ್ಞೆ, ಒಂದು ಎಂಟರ್.
ಎಷ್ಟೋ ಸಲ ಟೈಪ್ ಮಾಡಿ
ಅಕ್ಷರ ಅಕ್ಷರವಾಗಿ ಹಿಂದೆ ಬಂದಿದ್ದೇನೆ.
ಬೇಲಿ ನಾನು. ಹೊಲ ಮೇಯಲಾರೆ.

ತೊಂಬತ್ತಮೂರು ನನ್ನದು:
ನಾವಿಬ್ಬರೂ ತಲುಪಿದೆವು, ಕೈ ಮಾತ್ರ ತಣ್ಣಗೆ.
ಅದನ್ನು ಅಳಿಸಿದೆ. ಹಕ್ಕಿತ್ತು.

ಈಗ ಅವನ ಸಾಲಿನಲ್ಲಿ ನಾನು
ಇನ್ನೂ ದಾಟುತ್ತಲೇ ಇದ್ದೇನೆ.